ಗಗನಕ್ಕೇರುವ ಮೊದಲು ನೆಲದ ತಾಲೀಮು

ಕಕ್ಷೆ ಸೇರಿದ ಉಪಗ್ರಹವನ್ನು ದುರಸ್ತಿಗೆಂದು ಕೆಳಗಿಳಿಸಿ ತರುವುದು ಸಾಮಾನ್ಯವಾಗಿ ಆಗದ ಮಾತು. ಚಂದ್ರನತ್ತ ಹೊರಟ ಲ್ಯಾಂಡರಿಗೆ ಇಳಿಯುವ ಅವಕಾಶ ಒದಗುವುದು ಒಂದೇ ಬಾರಿ. ಹಾಗಿರುವಾಗ ನೌಕೆಯೊಳಗಿನ ಗಣಕವು ಮುಂದೆ ಯಾವ ಯಾವ ಸನ್ನಿವೇಶಗಳನ್ನು ಎದುರಿಸಬೇಕಾಗಬಹುದೋ ಅವನ್ನೆಲ್ಲ ಅದು ನೆಲದ ಮೇಲಿರುವಾಗಲೇ ಅದರ ಮುಂದೊಡ್ಡಿ, ಅದರ ನಿರ್ಧಾರ ಸರಿಯೋ ತಪ್ಪೋ ಎಂದು ಒರೆಗೆ ಹಚ್ಚಿ ನೋಡುವುದೊಂದೇ ಉಳಿಯುವ ದಾರಿ. ಇಲ್ಲದ ಕಕ್ಷೆಯನ್ನು, ಇಲ್ಲದ ಸೂರ್ಯನನ್ನು, ಇಲ್ಲದ ಚಂದ್ರನೆಲವನ್ನು ಪ್ರಯೋಗಾಲಯದಲ್ಲಿ ಕೃತಕವಾಗಿ ಸೃಷ್ಟಿಸಿ, ನೌಕೆಯ ನಿಜವಾದ ಯಂತ್ರಭಾಗಗಳಿಗೆ ತಾವು ಅಂತರಿಕ್ಷದಲ್ಲೇ ಇದ್ದೇವೆಂಬ ಸನ್ನಿವೇಶವನ್ನು ಒದಗಿಸುವ ಈ ವಿಧಾನಕ್ಕೆ ಎಂಜಿನಿಯರುಗಳು ಸಿಮ್ಯುಲೇಷನ್ ಎನ್ನುತ್ತಾರೆ. ಉಡಾವಣೆಯ ಬೆಂಕಿ ಮತ್ತು ಹೊಗೆ ಎಲ್ಲರ ಕಣ್ಣಿಗೂ ಬೀಳುತ್ತವೆ; ಅದಕ್ಕೆ ಮೊದಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುವ ಈ ತಾಲೀಮು ಸಾರ್ವಜನಿಕರ ಗಮನಕ್ಕೆ ಬರುವುದು ತೀರ ಅಪರೂಪ.

ಅಂಥ ಅಪರೂಪದ ಸಂದರ್ಭವೊಂದು 2025ರ ಜನವರಿಯಲ್ಲಿ ಒದಗಿತು. ಎರಡು ಉಪಗ್ರಹಗಳನ್ನು ಅಂತರಿಕ್ಷದಲ್ಲಿ ಪರಸ್ಪರ ಜೋಡಿಸುವ ಸ್ಪೇಡೆಕ್ಸ್ ಪ್ರಯೋಗವು ಆ ತಿಂಗಳ 7ರಂದು ನಡೆಯಬೇಕಿತ್ತು. ಅದರ ಹಿಂದಿನ ದಿನ ಇಸ್ರೋ ಸಂಸ್ಥೆಯು ಜೋಡಣೆಯನ್ನು 9ಕ್ಕೆ ಮುಂದೂಡಿತು. ಅದು ಕೊಟ್ಟ ಕಾರಣ ಹೀಗಿತ್ತು: ಪ್ರಯೋಗವನ್ನು ನಡುವೆಯೇ ಕೈಬಿಡಬೇಕಾದೀತೆಂಬ ಒಂದು ಸನ್ನಿವೇಶ ಅಂದು ಗುರುತಿಗೆ ಬಂದಿದೆ, ಅದರ ಆಧಾರದ ಮೇಲೆ ಜೋಡಣೆಯ ವಿಧಾನವನ್ನು ನೆಲದ ಸಿಮ್ಯುಲೇಷನ್‌ಗಳ ಮೂಲಕ ಇನ್ನಷ್ಟು ದೃಢಪಡಿಸಿಕೊಳ್ಳಬೇಕಾಗಿದೆ. ಉಪಗ್ರಹಗಳು ಆಗಲೇ ಭೂಮಿಯನ್ನು ಸುತ್ತುತ್ತಿದ್ದವು. ಅವುಗಳ ಮುಂದಿನ ಹೆಜ್ಜೆಯನ್ನು ನಿರ್ಧರಿಸಬೇಕಾದ ಕೆಲಸ ಮಾತ್ರ ಮತ್ತೆ ನೆಲದ ಪ್ರಯೋಗಾಲಯಕ್ಕೇ ಬಂದಿತ್ತು.

ಈ ವಿದ್ಯೆಗೆ ಬೆಂಗಳೂರು ದೇಶದ ದೊಡ್ಡ ನೆಲೆಗಳಲ್ಲೊಂದು. ಉಡುಪಿ ಸಮೀಪದ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ 1972ರಲ್ಲಿ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಆರಂಭವಾದ ಉಪಗ್ರಹ ನಿರ್ಮಾಣವು 1975ರ ಏಪ್ರಿಲ್ 19ರಂದು ಆರ್ಯಭಟದ ಉಡಾವಣೆಯೊಂದಿಗೆ ಫಲ ಕೊಟ್ಟಿತು. ಅಂದು ಮೊಳೆತ ಸಂಸ್ಥೆಯು ಇಂದು ಹಳೆಯ ವಿಮಾನನಿಲ್ದಾಣ ರಸ್ತೆಯ ವಿಮಾನಪುರದಲ್ಲಿದ್ದು, 2018ರಿಂದ ಯು.ಆರ್. ರಾವ್ ಉಪಗ್ರಹ ಕೇಂದ್ರ ಎಂಬ ಹೆಸರು ಹೊತ್ತಿದೆ. ನಗರದ ದಕ್ಷಿಣ ಭಾಗಕ್ಕೂ ಈ ಕೆಲಸದ ನಂಟಿದೆ. ಕುಮಾರಸ್ವಾಮಿ ಬಡಾವಣೆಯ ಆಸುಪಾಸಿನಲ್ಲಿ ಇಸ್ರೋ ಲೇಔಟ್ ಎಂಬ ಬಡಾವಣೆಯೇ ಇದೆ. ಬನಶಂಕರಿ ಮೂರನೆಯ ಹಂತದ ಒಂದು ವಿದ್ಯಾಸಂಸ್ಥೆಯಲ್ಲಿ ವಿದ್ಯಾರ್ಥಿಗಳು ಕೈಯಾರೆ ರೂಪಿಸಿದ ಉಪಗ್ರಹವೊಂದು ಕಕ್ಷೆಯನ್ನೂ ಸೇರಿದೆ.

ಪರೀಕ್ಷೆಯ ಮೂರು ಮೆಟ್ಟಿಲು

ನೌಕೆಯ ತಂತ್ರಾಂಶದ ಕೆಲಸವನ್ನು ಮೂರು ಕ್ರಿಯೆಗಳಲ್ಲಿ ಹೇಳಬಹುದು. ಸೂರ್ಯ ಎಲ್ಲಿದ್ದಾನೆ, ನಕ್ಷತ್ರಗಳು ಯಾವ ದಿಕ್ಕಿನಲ್ಲಿವೆ, ನೌಕೆ ಎಷ್ಟು ವೇಗವಾಗಿ ತಿರುಗುತ್ತಿದೆ, ನೆಲ ಎಷ್ಟು ಕೆಳಗಿದೆ ಎಂಬುದನ್ನು ಸಂವೇದಕಗಳಿಂದ, ಅಂದರೆ ಸೆನ್ಸರ್‌ಗಳಿಂದ, ತಿಳಿದುಕೊಳ್ಳುವುದು ಮೊದಲನೆಯದು. ಇರಬೇಕಾದ ಸ್ಥಿತಿಗೂ ಇರುವ ಸ್ಥಿತಿಗೂ ಎಷ್ಟು ಅಂತರವಿದೆಯೆಂದು ಲೆಕ್ಕ ಹಾಕುವುದು ಎರಡನೆಯದು. ಆ ಅಂತರವನ್ನು ಕಳೆಯುವಂತೆ ಎಂಜಿನ್, ಥ್ರಸ್ಟರ್, ತಿರುಗುಚಕ್ರ ಅಥವಾ ಕಾಂತೀಯ ಸುರುಳಿಗಳಿಗೆ ಆಜ್ಞೆ ಕೊಡುವುದು ಮೂರನೆಯದು. ಆಜ್ಞೆ ಜಾರಿಯಾದ ಕೂಡಲೇ ನೌಕೆಯ ಸ್ಥಿತಿ ಬದಲಾಗುತ್ತದೆ, ಬದಲಾದ ಸ್ಥಿತಿಯನ್ನು ಸಂವೇದಕಗಳು ಮತ್ತೆ ವರದಿ ಮಾಡುತ್ತವೆ, ಹೀಗೆ ಒಂದು ಕ್ರಿಯೆಯ ಫಲವೇ ಮುಂದಿನ ಕ್ರಿಯೆಗೆ ಪ್ರಶ್ನೆಯಾಗುತ್ತ ಸುತ್ತು ಮುಂದುವರಿಯುತ್ತದೆ. ಇದನ್ನೇ ತಂತ್ರಜ್ಞರು ಲೂಪ್ ಎನ್ನುವುದು. ಒಂದೊಂದು ಭಾಗವನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದಾಗ ಎಲ್ಲವೂ ಸರಿಯೆಂದು ಕಂಡರೂ, ಸುತ್ತು ಪೂರ್ಣಗೊಂಡಾಗ ಮಾತ್ರ ಹೊರಬೀಳುವ ದೋಷಗಳಿರುತ್ತವೆ. ಆದುದರಿಂದ ಪರೀಕ್ಷೆಯೂ ಸುತ್ತನ್ನು ಪೂರ್ಣಗೊಳಿಸಿಯೇ ನಡೆಯಬೇಕಾಗುತ್ತದೆ.

ಈ ಪರೀಕ್ಷೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲ ಮೆಟ್ಟಿಲಲ್ಲಿ ನೌಕೆಯ ತಂತ್ರಾಂಶವೂ ಅದು ಚಲಿಸುವ ಜಗತ್ತೂ ಎರಡೂ ಗಣಿತದ ಸಮೀಕರಣಗಳಾಗಿ ಒಂದು ಸಾಮಾನ್ಯ ಕಂಪ್ಯೂಟರಿನೊಳಗೇ ಇರುತ್ತವೆ. ಖರ್ಚು ಕಡಿಮೆ, ವೇಗ ಹೆಚ್ಚು, ಆದ್ದರಿಂದ ಎಂಜಿನ್ನಿನ ಬಲ, ಇಂಧನದ ತೂಕ, ಸಂವೇದಕದ ದೋಷ ಮುಂತಾದವನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತ ಸಾವಿರಾರು ಬಾರಿ ಓಡಿಸಿ ನೋಡಬಹುದು. ಎರಡನೆಯ ಮೆಟ್ಟಿಲಲ್ಲಿ ತಂತ್ರಾಂಶವನ್ನು ನೌಕೆಯಲ್ಲಿ ಹೋಗಲಿರುವಂಥದೇ ಗಣಕಕ್ಕೆ ತುಂಬಲಾಗುತ್ತದೆ; ಹೊರಗಿನ ಜಗತ್ತನ್ನು ಮಾತ್ರ ಇನ್ನೊಂದು ಕಂಪ್ಯೂಟರ್ ಅನುಕರಿಸುತ್ತದೆ. ಆನ್‌ಬೋರ್ಡ್ ಕಂಪ್ಯೂಟರ್ ಸುತ್ತಿನೊಳಗೆ ಸೇರುವ ಈ ಬಗೆಯನ್ನು ಇಸ್ರೋ ವಲಯದಲ್ಲಿ ಆಯಿಲ್ಸ್ ಎಂದು ಕರೆಯುವುದುಂಟು. ಮೂರನೆಯ ಮೆಟ್ಟಿಲಾದ ಹಿಲ್ಸ್, ಅಂದರೆ ಹಾರ್ಡ್‌ವೇರ್ ಇನ್ ಲೂಪ್ ಸಿಮ್ಯುಲೇಷನ್‌ನಲ್ಲಿ, ಗಣಕದ ಜೊತೆಗೆ ನಿಜವಾದ ಸಂವೇದಕಗಳೂ ಚಾಲಕ ಸಾಧನಗಳೂ ಸುತ್ತಿನೊಳಗೆ ಬರುತ್ತವೆ. ತಿರುಗುವ ವೇಗವನ್ನು ಅಳೆಯುವ ಗೈರೋವನ್ನು ಕೋಣೆಯಲ್ಲೇ ತಿರುಗುವ ಮೇಜಿನ ಮೇಲಿಟ್ಟು ಕಕ್ಷೆಯಲ್ಲಿ ತಿರುಗಬೇಕಾದ ವೇಗದಲ್ಲೇ ತಿರುಗಿಸಲಾಗುತ್ತದೆ. ನಕ್ಷತ್ರ ಸಂವೇದಕಕ್ಕೆ ಕೃತಕ ನಕ್ಷತ್ರಪಟವನ್ನು ತೋರಿಸಲಾಗುತ್ತದೆ. ಸೂರ್ಯ ಸಂವೇದಕಕ್ಕೆ ದೀಪದ ಬೆಳಕನ್ನು ಒದಗಿಸಲಾಗುತ್ತದೆ.

ಗಣಿತದಲ್ಲಿ ಸರಿಯಾದದ್ದು ಯಂತ್ರದಲ್ಲೂ ಸರಿಯಾಗಲೇಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಸಮೀಕರಣದೊಳಗಿನ ಸಂವೇದಕವು ಕೇಳಿದ ಕ್ಷಣವೇ ಉತ್ತರ ಕೊಡುತ್ತದೆ, ನಿಜವಾದ ಸಂವೇದಕ ಕೆಲವು ಮಿಲಿಸೆಕೆಂಡು ತಡಮಾಡುತ್ತದೆ. ಸಮೀಕರಣದೊಳಗಿನ ಕವಾಟ ಆಜ್ಞೆ ಬಂದೊಡನೆ ತೆರೆದುಕೊಳ್ಳುತ್ತದೆ, ನಿಜವಾದ ಕವಾಟಕ್ಕೆ ತೆರೆಯಲು ಸಮಯ ಬೇಕು. ನಿಜವಾದ ತಂತಿಯಲ್ಲಿ ವಿದ್ಯುತ್ ಗದ್ದಲವಿರುತ್ತದೆ, ನಿಜವಾದ ಗಡಿಯಾರಗಳು ಒಂದಕ್ಕೊಂದು ಕೊಂಚ ಹಿಂದುಮುಂದಾಗಿ ಓಡುತ್ತವೆ. ಈ ಸಣ್ಣ ವ್ಯತ್ಯಾಸಗಳು ಒಂದರ ಮೇಲೊಂದು ಪೇರಿಕೊಂಡು ನೌಕೆಯನ್ನು ಓಲಾಡಿಸಬಲ್ಲವು. ಅದಕ್ಕಾಗಿಯೇ ಮೂರನೆಯ ಮೆಟ್ಟಿಲಲ್ಲಿ ಜಗತ್ತನ್ನು ಅನುಕರಿಸುವ ಕಂಪ್ಯೂಟರು ನಿಜಕಾಲದಲ್ಲೇ ಓಡಬೇಕು. ಕಕ್ಷೆಯಲ್ಲಿ ಒಂದು ಸೆಕೆಂಡು ಕಳೆಯುವಷ್ಟರಲ್ಲಿ ಪ್ರಯೋಗಾಲಯದಲ್ಲೂ ಸರಿಯಾಗಿ ಒಂದು ಸೆಕೆಂಡೇ ಕಳೆಯಬೇಕು.

ಬನಶಂಕರಿಯಿಂದ ಕಕ್ಷೆಗೆ

2016ರ ಸೆಪ್ಟೆಂಬರ್ 26ರಂದು ಶ್ರೀಹರಿಕೋಟದಿಂದ ಮೇಲೇರಿದ ಪಿಎಸ್‌ಎಲ್‌ವಿ ಸಿ-35 ರಾಕೆಟ್ಟು ಸ್ಕ್ಯಾಟ್‌ಸ್ಯಾಟ್-1 ಎಂಬ ಹವಾಮಾನ ಉಪಗ್ರಹದ ಜೊತೆಗೆ ಇನ್ನೂ ಏಳು ಉಪಗ್ರಹಗಳನ್ನು ಹೊತ್ತಿತ್ತು. ಒಂದೇ ಹಾರಾಟದಲ್ಲಿ ಎರಡು ಬೇರೆ ಬೇರೆ ಕಕ್ಷೆಗಳಿಗೆ ಉಪಗ್ರಹಗಳನ್ನು ತಲುಪಿಸಿದ ಮೊದಲ ಪಿಎಸ್‌ಎಲ್‌ವಿ ಅದು. ಆ ಏಳರಲ್ಲಿ ಒಂದು ಪಿಸ್ಯಾಟ್: ಬನಶಂಕರಿ ಮೂರನೆಯ ಹಂತದ ಹೊರವರ್ತುಲ ರಸ್ತೆಯಲ್ಲಿರುವ ಪಿಇಎಸ್ ವಿಶ್ವವಿದ್ಯಾಲಯದಲ್ಲಿ ಇಸ್ರೋ ಸಂಸ್ಥೆಯ ಬೆಂಬಲದೊಂದಿಗೆ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ರೂಪಿಸಿದ, 5.25 ಕಿಲೋಗ್ರಾಂ ತೂಕದ ನ್ಯಾನೋ ಉಪಗ್ರಹ. ನೆಲದ ಚಿತ್ರ ತೆಗೆಯಬಲ್ಲ ಪುಟ್ಟ ಕ್ಯಾಮೆರಾವೊಂದು ಅದರಲ್ಲಿತ್ತು. ಅದರೊಡನೆ ಮಾತನಾಡುವ ಭೂಕೇಂದ್ರವನ್ನು ಕಾಲೇಜಿನ ಆವರಣದಲ್ಲೇ ಸ್ಥಾಪಿಸಲಾಯಿತು.

ಪಿಸ್ಯಾಟ್ ಸೇರಿದ ಸುಮಾರು 670 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ಒಂದು ಸುತ್ತಿಗೆ ಹೆಚ್ಚುಕಡಿಮೆ 98 ನಿಮಿಷ ಬೇಕು, ಅಂದರೆ ದಿನಕ್ಕೆ ಹದಿನಾಲ್ಕು ಹದಿನೈದು ಸುತ್ತು. ಅವುಗಳಲ್ಲಿ ಬೆಂಗಳೂರಿನ ದಿಗಂತದ ಮೇಲೆ ಹಾಯುವವು ಕೆಲವೇ, ಹಾಯುವಾಗಲೂ ಸಂಪರ್ಕ ಸಿಗುವುದು ಹತ್ತು ಹನ್ನೆರಡು ನಿಮಿಷ ಮಾತ್ರ. ಉಳಿದ ಹೊತ್ತೆಲ್ಲ ಉಪಗ್ರಹ ತನ್ನನ್ನು ತಾನೇ ನೋಡಿಕೊಳ್ಳಬೇಕು. ವಿದ್ಯಾರ್ಥಿಗಳು ಕಟ್ಟುವ ಉಪಗ್ರಹವಾಗಲಿ, ದೇಶದ ಅತಿ ದೊಡ್ಡ ಸಂಪರ್ಕ ಉಪಗ್ರಹವಾಗಲಿ, ತಂತ್ರಾಂಶದ ಹೊಣೆ ಇಷ್ಟು ಭಾರವಾಗಲು ಕಾರಣ ಈ ಒಂಟಿತನವೇ.

ಇಂಥ ಪುಟ್ಟ ಉಪಗ್ರಹಗಳಲ್ಲಿ ಇಂಧನ ಉರಿಸುವ ಥ್ರಸ್ಟರ್‌ಗಳಿಗೆ ಸಾಮಾನ್ಯವಾಗಿ ಜಾಗವಿರುವುದಿಲ್ಲ. ಬದಲಿಗೆ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಅವುಗಳಲ್ಲಿ ವಿದ್ಯುತ್ ಹರಿಸಿದಾಗ ಹುಟ್ಟುವ ಕಾಂತತ್ವವು ಭೂಮಿಯ ಕಾಂತಕ್ಷೇತ್ರದೊಡನೆ ಸೆಣಸಿ ಉಪಗ್ರಹವನ್ನು ನಿಧಾನವಾಗಿ ತಿರುಗಿಸುತ್ತದೆ. ಇದನ್ನು ನೆಲದ ಮೇಲೆ ಪರೀಕ್ಷಿಸುವ ಬಗೆಯನ್ನು ಹತ್ತಿರದಿಂದ ನೋಡಿದರೆ ಸುತ್ತಿನ ಮರ್ಮ ಮನವರಿಕೆಯಾಗುತ್ತದೆ. ಮೂರು ದಿಕ್ಕುಗಳಲ್ಲಿ ಜೋಡಿ ಜೋಡಿಯಾಗಿ ನಿಲ್ಲಿಸಿದ ದೊಡ್ಡ ಸುರುಳಿಗಳ ಪಂಜರದ ನಡುವೆ ಉಪಗ್ರಹದ ಕಾಂತಮಾಪಕವನ್ನು ಇಡುತ್ತಾರೆ. ಸಿಮ್ಯುಲೇಟರ್ ಕಂಪ್ಯೂಟರು ಉಪಗ್ರಹ ಈ ಕ್ಷಣದಲ್ಲಿ ಕಕ್ಷೆಯ ಯಾವ ಬಿಂದುವಿನಲ್ಲಿದೆ, ಅಲ್ಲಿ ಭೂಮಿಯ ಕಾಂತಕ್ಷೇತ್ರ ಎಷ್ಟು, ಯಾವ ದಿಕ್ಕಿಗೆ ಎಂದು ಲೆಕ್ಕ ಹಾಕಿ ಪಂಜರದ ಸುರುಳಿಗಳಿಗೆ ತಕ್ಕಷ್ಟೇ ವಿದ್ಯುತ್ತನ್ನು ಹರಿಸುತ್ತದೆ. ಬೆಂಗಳೂರಿನ ಸ್ಥಳೀಯ ಕಾಂತಕ್ಷೇತ್ರವನ್ನು ರದ್ದುಮಾಡಿ ಕಕ್ಷೆಯ ಕ್ಷೇತ್ರವನ್ನು ಪಂಜರ ಒದಗಿಸುತ್ತದೆ. ಕಾಂತಮಾಪಕ ಅದನ್ನು ಅಳೆದು ಉಪಗ್ರಹದ ಗಣಕಕ್ಕೆ ತಿಳಿಸುತ್ತದೆ. ಗಣಕ ಲೆಕ್ಕ ಮಾಡಿ ತನ್ನ ಸುರುಳಿಗೆ ಇಷ್ಟು ವಿದ್ಯುತ್ ಹರಿಯಲಿ ಎನ್ನುತ್ತದೆ. ಆ ವಿದ್ಯುತ್ತನ್ನು ಅಳೆದು ಸಿಮ್ಯುಲೇಟರಿಗೆ ಮರಳಿಸಲಾಗುತ್ತದೆ. ಅಷ್ಟು ವಿದ್ಯುತ್ತಿನಿಂದ ಉಪಗ್ರಹ ಎಷ್ಟು ತಿರುಗಿರಬೇಕೆಂದು ಸಿಮ್ಯುಲೇಟರ್ ಎಣಿಸಿ ಪಂಜರದ ಕ್ಷೇತ್ರವನ್ನು ಬದಲಿಸುತ್ತದೆ. ಹೀಗೆ ಗಂಟೆಗಟ್ಟಲೆ, ಸುತ್ತಿನ ಮೇಲೆ ಸುತ್ತು ಸಾಗಿದ ಮೇಲೆ, ರಾಕೆಟ್ಟಿನಿಂದ ಬೇರ್ಪಟ್ಟಾಗ ಉರುಳಾಡುತ್ತಿದ್ದ ಉಪಗ್ರಹ ತನ್ನಷ್ಟಕ್ಕೆ ಶಾಂತವಾಗಿ ನಿಲ್ಲುತ್ತದೆಯೇ ಎಂಬುದು ಪರದೆಯ ಮೇಲೆ ಸ್ಪಷ್ಟವಾಗುತ್ತದೆ.

ಈ ಸುತ್ತಿನಲ್ಲಿ ಒಂದು ತಂತಿಯ ಎರಡು ತುದಿಗಳು ಅದಲುಬದಲಾದರೂ ಫಲ ತಲೆಕೆಳಗಾಗುತ್ತದೆ. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ಟೆರಿಯರ್ಸ್ ಉಪಗ್ರಹ 1999ರ ಮೇ ತಿಂಗಳಲ್ಲಿ ಕಕ್ಷೆಯನ್ನೇನೋ ಸರಿಯಾಗಿ ಸೇರಿತು. ಆದರೆ ಒಂದು ಕಾಂತೀಯ ಸುರುಳಿಯ ಧನ ಋಣ ಚಿಹ್ನೆ ತಿರುಗುಮುರುಗಾಗಿದ್ದ ಕಾರಣ ಸೌರಫಲಕವನ್ನು ಸೂರ್ಯನತ್ತ ತಿರುಗಿಸಲಾಗದೆ, ಬ್ಯಾಟರಿ ಬರಿದಾಗಿ ಅದು ನಿಷ್ಕ್ರಿಯವಾಯಿತು. ಯಾವ ಸುರುಳಿಗೆ ಯಾವ ದಿಕ್ಕಿನ ಆಜ್ಞೆ ಕೊಟ್ಟರೆ ಉಪಗ್ರಹ ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದನ್ನು ಪೂರ್ಣ ಜೋಡಣೆಯಾದ ಉಪಗ್ರಹದ ಮೇಲೆಯೇ ನೋಡಿ ಖಚಿತಪಡಿಸಿಕೊಳ್ಳುವ ಪರೀಕ್ಷೆಗೆ ಎಷ್ಟು ಮಹತ್ವವಿದೆಯೆಂಬುದನ್ನು ಈ ಒಂದೇ ಉದಾಹರಣೆ ಹೇಳುತ್ತದೆ.

ವಿಕ್ರಮ್ ಕಲಿಸಿದ ಪಾಠ

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯುತ್ತ, ನೆಲದಿಂದ ಸುಮಾರು ಎರಡು ಕಿಲೋಮೀಟರ್ ಎತ್ತರದವರೆಗೆ ಬಂದಾಗ ಬೆಂಗಳೂರಿನ ನಿಯಂತ್ರಣ ಕೇಂದ್ರದೊಡನೆ ಸಂಪರ್ಕ ಕಡಿದುಕೊಂಡಿತು. ಮುಂದೆ ಇಸ್ರೋ ಅಧ್ಯಕ್ಷರಾದ ಎಸ್. ಸೋಮನಾಥ್ ಅವರು ವಿವರಿಸಿದಂತೆ, ಲ್ಯಾಂಡರಿನ ಐದು ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚಿನ ಬಲವನ್ನು ಉತ್ಪಾದಿಸಿದವು. ಚಿತ್ರ ತೆಗೆಯಲು ನೌಕೆ ಸ್ಥಿರವಾಗಿರಬೇಕಾದ ಹಂತದಲ್ಲಿ ಈ ಹೆಚ್ಚುವರಿ ಬಲದಿಂದಾದ ವ್ಯತ್ಯಾಸಗಳು ಕೂಡುತ್ತ ಹೋದವು. ಅವನ್ನು ಸರಿಪಡಿಸಲು ನೌಕೆ ವೇಗವಾಗಿ ತಿರುಗಬೇಕಾದಾಗ, ಅಷ್ಟು ವೇಗದ ತಿರುವನ್ನು ಯಾರೂ ನಿರೀಕ್ಷಿಸಿರದಿದ್ದುದರಿಂದ, ತಂತ್ರಾಂಶ ವಿಧಿಸಿದ ಮಿತಿ ಅಡ್ಡಬಂತು. ಇಳಿಯಬೇಕಾದ ಜಾಗವೂ 500 ಮೀಟರ್ ಉದ್ದ 500 ಮೀಟರ್ ಅಗಲದಷ್ಟು ಇಕ್ಕಟ್ಟಾಗಿತ್ತು. ಇಲ್ಲಿ ಯಾವುದೇ ಒಂದು ಭಾಗ ಮುರಿದುಬಿದ್ದಿರಲಿಲ್ಲ. ಪರೀಕ್ಷೆಗಳ ಎಣಿಕೆಯಲ್ಲಿದ್ದ ವ್ಯತ್ಯಾಸಗಳ ಎಲ್ಲೆಯನ್ನು ವಾಸ್ತವ ದಾಟಿತ್ತು.

ಮುಂದಿನ ನಾಲ್ಕು ವರ್ಷಗಳಲ್ಲಿ ಚಂದ್ರಯಾನ-3ರ ತಂಡ ಪ್ರಶ್ನೆಯನ್ನೇ ಬದಲಿಸಿಕೊಂಡಿತು. ಎಲ್ಲವೂ ಸರಿಯಾಗಿ ನಡೆದರೆ ಇಳಿಯುವುದು ಹೇಗೆ ಎಂಬುದರ ಜೊತೆಗೆ ಯಾವುದು ಕೆಟ್ಟರೆ ಏನಾಗುತ್ತದೆ, ಆಗಲೂ ಇಳಿಯುವುದು ಹೇಗೆ ಎಂದು ಕೇಳಿಕೊಂಡು, ಸಂವೇದಕ ಕೈಕೊಟ್ಟರೆ, ಎಂಜಿನ್ ಬಲ ಏರುಪೇರಾದರೆ, ಲೆಕ್ಕಾಚಾರ ತಪ್ಪಿದರೆ ಎಂದು ಒಂದೊಂದು ವೈಫಲ್ಯವನ್ನೂ ಮುಂದಿಟ್ಟುಕೊಂಡು ವಿನ್ಯಾಸ ಮಾಡಿತು. ಇಳಿಯುವ ಪ್ರದೇಶವನ್ನು 4 ಕಿಲೋಮೀಟರ್ ಉದ್ದ 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಲಾಯಿತು, ಎಂಜಿನ್‌ಗಳ ಸಂಖ್ಯೆಯನ್ನು ನಾಲ್ಕಕ್ಕೆ ಇಳಿಸಲಾಯಿತು, ನೆಲಕ್ಕೆ ಹೋಲಿಸಿದ ವೇಗವನ್ನು ಲೇಸರ್ ಕಿರಣದಿಂದ ನೇರವಾಗಿ ಅಳೆಯುವ ಡಾಪ್ಲರ್ ವೇಗಮಾಪಕವನ್ನು ಸೇರಿಸಲಾಯಿತು.

ಇಷ್ಟನ್ನೂ ನೆಲದ ಮೇಲೆ ಪರೀಕ್ಷಿಸುವುದು ಸುಲಭವಲ್ಲ, ಏಕೆಂದರೆ ಚಂದ್ರನ ಗುರುತ್ವ ಭೂಮಿಯದರ ಆರನೇ ಒಂದು ಭಾಗ ಮಾತ್ರ. ಹಾಗಾಗಿ ತಂಡವು ಒಂದೇ ಪರೀಕ್ಷೆಯಲ್ಲಿ ಎಲ್ಲವನ್ನೂ ನೋಡುವ ಹಟಕ್ಕೆ ಬೀಳದೆ, ಇಳಿಯುವ ಕ್ರಿಯೆಯನ್ನು ಭಾಗ ಮಾಡಿಕೊಂಡಿತು. ಸಂವೇದಕಗಳನ್ನು ಹಾಗೂ ದಾರಿ ತೋರುವ ತಂತ್ರಾಂಶವನ್ನು ಹೆಲಿಕಾಪ್ಟರಿನಲ್ಲಿ ಹೊತ್ತೊಯ್ದು, ಎಂಜಿನ್ ಉರಿಸದೆ, ನೆಲದ ಎತ್ತರ ಮತ್ತು ವೇಗವನ್ನು ಅವು ಸರಿಯಾಗಿ ಗ್ರಹಿಸುತ್ತವೆಯೇ ಎಂದು ನೋಡಿದ್ದು ಸಮಗ್ರ ಶೀತಲ ಪರೀಕ್ಷೆ. ಎತ್ತರದ ಟವರ್ ಕ್ರೇನನ್ನು ಆಧಾರವಾಗಿಟ್ಟುಕೊಂಡು ಸಂವೇದಕ, ಎಂಜಿನ್, ತಂತ್ರಾಂಶ ಮೂರೂ ಒಂದೇ ಸುತ್ತಿನಲ್ಲಿ ಕೂಡಿ ಹೇಗೆ ವರ್ತಿಸುತ್ತವೆಂದು ನೋಡಿದ್ದು ಸಮಗ್ರ ಉಷ್ಣ ಪರೀಕ್ಷೆ. ಚಂದ್ರನ ಮಣ್ಣನ್ನು ಹೋಲುವ ಹಾಸಿನ ಮೇಲೆ ಬೇರೆ ಬೇರೆ ಕೋನ, ಬೇರೆ ಬೇರೆ ವೇಗಗಳಲ್ಲಿ ನೆಲ ಮುಟ್ಟಿಸಿ ನೋಡಿದ್ದು ಕಾಲುಗಳ ಪರೀಕ್ಷೆ. ಚಂದ್ರನ ಎತ್ತರದ ಪ್ರದೇಶಗಳ ಮಣ್ಣಿನ ಗುಣವನ್ನು ಹೋಲುವ ಅನಾರ್ಥೊಸೈಟ್ ಶಿಲೆ ತಮಿಳುನಾಡಿನ ನಾಮಕ್ಕಲ್ ಬಳಿಯ ಸಿತ್ತಂಪೂಂಡಿಯಲ್ಲಿ ಸಿಗುತ್ತದೆ. ಚಂದ್ರಯಾನ-2ರ ಕಾಲದಲ್ಲೇ ಅದನ್ನು ಪುಡಿಮಾಡಿಸಿ ಬೆಂಗಳೂರಿಗೆ ತಂದು ಲ್ಯಾಂಡರ್ ಮತ್ತು ರೋವರ್‌ಗಳ ಪರೀಕ್ಷೆಗೆ ಹಾಸಲಾಗಿತ್ತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿ, ಅಪಾಯದ ಜಾಗವನ್ನು ತಪ್ಪಿಸಿ ಸಮತಟ್ಟಾದ ಜಾಗವನ್ನು ಆರಿಸುವ ಸಂವೇದಕಗಳನ್ನು ಅವುಗಳ ಮೇಲೆ ಹಾರಿಸಿ ಪರೀಕ್ಷಿಸಿದ್ದೂ ಇದೇ ಪರಂಪರೆಗೆ ಸೇರಿದ್ದು.

2023ರ ಆಗಸ್ಟ್ 23ರ ಸಂಜೆ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ, ಸೆಕೆಂಡಿಗೆ 1.68 ಕಿಲೋಮೀಟರ್ ವೇಗದಲ್ಲಿ ಆರಂಭವಾದ ಇಳಿಕೆ, ವೇಗವನ್ನು ತಗ್ಗಿಸುತ್ತ, 6 ಗಂಟೆ 4 ನಿಮಿಷಕ್ಕೆ ಮೃದುವಾಗಿ ನೆಲ ಮುಟ್ಟುವುದರೊಂದಿಗೆ ಮುಗಿಯಿತು. ಇಳಿಕೆಗೆ ತಗುಲಿದ ಆ ಹತ್ತೊಂಬತ್ತು ನಿಮಿಷ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿದ್ದವರು ನೌಕೆಗೆ ದಾರಿ ತೋರಿಸುತ್ತಿರಲಿಲ್ಲ. ತಾಲೀಮಿನಲ್ಲಿ ಮತ್ತೆ ಮತ್ತೆ ಪರೀಕ್ಷೆಗೊಳಗಾದ ತಂತ್ರಾಂಶವೇ ಎಲ್ಲ ನಿರ್ಧಾರಗಳನ್ನೂ ತೆಗೆದುಕೊಂಡಿತು.

ಆಜ್ಞೆಗಳ ಸರಣಿಗೂ ಪರೀಕ್ಷೆ

ತಂತ್ರಾಂಶದಷ್ಟೇ ಮುಖ್ಯವಾದದ್ದು ಆಜ್ಞೆಗಳ ಸರಣಿ, ಅಂದರೆ ಯಾವ ಕ್ಷಣದಲ್ಲಿ ಯಾವ ಸಾಧನ ಚಾಲೂ ಆಗಬೇಕು, ಯಾವ ಷರತ್ತು ಪೂರೈಸಿದರೆ ಮುಂದಿನ ಹೆಜ್ಜೆ ಇಡಬೇಕು, ಪೂರೈಸದಿದ್ದರೆ ಏನು ಮಾಡಬೇಕು ಎಂಬ ಕ್ರಮ. ಪ್ರತಿಯೊಂದು ಆಜ್ಞೆಯೂ ತನ್ನಷ್ಟಕ್ಕೆ ಸರಿಯಿದ್ದು, ಎರಡು ಆಜ್ಞೆಗಳ ನಡುವಿನ ಅಂತರವೊಂದು ತಪ್ಪಿದರೂ ಕಾರ್ಯ ಕೆಡಬಹುದು.

ಮಂಗಳಯಾನವು 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದ ಬಗೆ ಇದಕ್ಕೆ ಉತ್ತಮ ನಿದರ್ಶನ. ಅಂದು ನೌಕೆ ಭೂಮಿಯಿಂದ ಇಪ್ಪತ್ತೆರಡು ಕೋಟಿ ಕಿಲೋಮೀಟರಿಗೂ ಹೆಚ್ಚು ದೂರವಿತ್ತು. ಬೆಳಕಿನ ವೇಗದಲ್ಲಿ ಸಾಗುವ ರೇಡಿಯೋ ಸಂಕೇತಕ್ಕೂ ಒಂದು ದಿಕ್ಕಿನ ಪಯಣಕ್ಕೆ ಸುಮಾರು ಹನ್ನೆರಡು ನಿಮಿಷ ಬೇಕಾಗುತ್ತಿತ್ತು. ಇಪ್ಪತ್ತನಾಲ್ಕು ನಿಮಿಷ ಎಂಜಿನ್ ಉರಿಸುವ ಕಾರ್ಯಾಚರಣೆಯ ಒಂದಷ್ಟು ಭಾಗ ನೌಕೆ ಮಂಗಳನ ಮರೆಯಲ್ಲಿದ್ದಾಗಲೇ ನಡೆಯಬೇಕಿತ್ತು. ಆದುದರಿಂದ ಇಡೀ ಸರಣಿಯನ್ನು ದಿನಗಳ ಮೊದಲೇ ನೌಕೆಯ ಗಣಕಕ್ಕೆ ತುಂಬಿಸಲಾಗಿತ್ತು. ಹತ್ತು ತಿಂಗಳ ಕಾಲ ತಣ್ಣಗೆ ಮಲಗಿದ್ದ ಮುಖ್ಯ ಎಂಜಿನ್ ಕೈಕೊಟ್ಟರೆ ಎಂಟು ಚಿಕ್ಕ ಥ್ರಸ್ಟರ್‌ಗಳಿಂದಲೇ ಕಾರ್ಯ ಸಾಧಿಸುವ ಬದಲಿ ಯೋಜನೆಯೂ ಸಿದ್ಧವಿತ್ತು. ಎರಡು ದಿನ ಮೊದಲು, ಸೆಪ್ಟೆಂಬರ್ 22ರಂದು, ಎಂಜಿನ್ನನ್ನು ಸುಮಾರು ನಾಲ್ಕು ಸೆಕೆಂಡು ಉರಿಸಿ ನೋಡಿ, ಅದು ಎಚ್ಚರವಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆ ಮುಖ್ಯ ಯೋಜನೆಗೇ ಒಪ್ಪಿಗೆ ದೊರೆಯಿತು. ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದಲ್ಲಿರುವ 32 ಮೀಟರ್ ವ್ಯಾಸದ ಆಂಟೆನಾ ಇಂಥ ದೂರಯಾನಗಳ ಸಂಕೇತವನ್ನು ಹಿಡಿಯುತ್ತದೆ. ಅದನ್ನೂ ಒಳಗೊಂಡ ನೆಲದ ಜಾಲ ಮತ್ತು ಅದನ್ನು ನಡೆಸುವ ಸಿಬ್ಬಂದಿ ಕೂಡ ತಾಲೀಮಿನ ಪಾತ್ರಧಾರಿಗಳೇ. ನಿಯಂತ್ರಣ ಕೇಂದ್ರದ ಪರದೆಗಳಿಗೆ ಸಿಮ್ಯುಲೇಟರಿನಿಂದ ಕೃತಕ ಮಾಹಿತಿ ಹರಿಸಿ, ನಡುನಡುವೆ ದೋಷಗಳನ್ನು ಬೇಕೆಂದೇ ಸೇರಿಸಿ, ಯಾರು ಎಷ್ಟು ಬೇಗ ಗುರುತಿಸುತ್ತಾರೆ, ಯಾವ ನಿರ್ಧಾರ ಕೈಗೊಳ್ಳುತ್ತಾರೆ ಎಂದು ನೋಡುವುದು ಅಂತರಿಕ್ಷ ಸಂಸ್ಥೆಗಳಲ್ಲಿ ರೂಢಿಯಲ್ಲಿರುವ ಅಭ್ಯಾಸ.

ಮೂರು ಮೀಟರ್ ಅಂತರದ ಎಚ್ಚರ

ಸ್ಪೇಡೆಕ್ಸ್ ಪ್ರಯೋಗದಲ್ಲಿ ತಂತ್ರಾಂಶದ ಪರೀಕ್ಷೆ, ಸರಣಿಯ ಪರೀಕ್ಷೆ ಎರಡೂ ಕೂಡಿಬಂದವು. ತಲಾ ಸುಮಾರು 220 ಕಿಲೋಗ್ರಾಂ ತೂಕದ ಎರಡು ಉಪಗ್ರಹಗಳು 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ ಸಿ-60ರಲ್ಲಿ ಮೇಲೇರಿದವು.

ಎರಡೂ ಉಪಗ್ರಹಗಳು ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಭೂಮಿಯನ್ನು ಸುತ್ತುತ್ತಿದ್ದರೂ, ಕೊನೆಗೆ ಒಂದನ್ನೊಂದು ಮುಟ್ಟುವಾಗ ಅವುಗಳ ನಡುವಿನ ವೇಗ ಸೆಕೆಂಡಿಗೆ 10 ಮಿಲಿಮೀಟರಿನಷ್ಟು ಮಾತ್ರ ಇರಬೇಕೆಂಬುದು ಯೋಜನೆ. ಅದಕ್ಕಾಗಿ ಬೆನ್ನಟ್ಟುವ ಉಪಗ್ರಹವು 5 ಕಿಲೋಮೀಟರ್, 1.5 ಕಿಲೋಮೀಟರ್, 500 ಮೀಟರ್, 225 ಮೀಟರ್, 15 ಮೀಟರ್, 3 ಮೀಟರ್ ಹೀಗೆ ಹಂತಹಂತವಾಗಿ ಹತ್ತಿರವಾಗುತ್ತ, ಪ್ರತಿ ಹಂತದಲ್ಲೂ ನಿಂತು, ಎಲ್ಲವೂ ಸರಿಯಿದ್ದರೆ ಮಾತ್ರ ಮುಂದುವರಿಯುವಂತೆ ಸರಣಿ ರೂಪಿಸಲಾಗಿತ್ತು. ದೂರದಲ್ಲಿ ಒಂದು ಬಗೆಯ ಸಂವೇದಕ, ಸಮೀಪಕ್ಕೆ ಬಂದಂತೆ ಇನ್ನೊಂದು ಬಗೆ; ಒಂದರಿಂದ ಇನ್ನೊಂದಕ್ಕೆ ದಾಟುವ ಕ್ಷಣಗಳೇ ಹೆಚ್ಚು ಸೂಕ್ಷ್ಮ. ಇದನ್ನು ಪರೀಕ್ಷಿಸಲೆಂದೇ ಪ್ರತ್ಯೇಕ ಸೌಕರ್ಯಗಳನ್ನು ನಿರ್ಮಿಸಲಾಗಿತ್ತು: ಜೋಡಣಾ ಯಂತ್ರದ ಕಾರ್ಯಕ್ಷಮತೆಯನ್ನು ನೋಡಲು ಒಂದು, ನಿಯಂತ್ರಿತ ಪರಿಸ್ಥಿತಿಯಲ್ಲಿ ಜೋಡಣೆಯನ್ನು ನಡೆಸಿ ನೋಡುವ ಲಂಬ ಜೋಡಣಾ ಪ್ರಯೋಗಾಲಯ ಒಂದು, ಸಮೀಪಿಸುವ ತಂತ್ರಾಂಶವನ್ನು ನಿಜಕಾಲದಲ್ಲಿ ಪರೀಕ್ಷಿಸುವ ಸಿಮ್ಯುಲೇಷನ್ ಪ್ರಯೋಗಾಲಯ ಇನ್ನೊಂದು.

ಇಷ್ಟಾದರೂ ಜನವರಿ 6ರಂದು ಹೊಸ ಸಂದೇಹವೊಂದು ಎದ್ದಾಗ ಪ್ರಯೋಗವನ್ನು ಮುಂದೂಡಲು ತಂಡ ಹಿಂಜರಿಯಲಿಲ್ಲ. ಮುಂದೆ 225 ಮೀಟರಿಗೆ ಸಮೀಪಿಸುವಾಗ ಉಪಗ್ರಹ ನಿರೀಕ್ಷೆಗಿಂತ ಹೆಚ್ಚು ಸರಿದದ್ದು ಕಂಡುಬಂದು 9ರ ಪ್ರಯತ್ನವೂ ಮುಂದಕ್ಕೆ ಹೋಯಿತು. ಜನವರಿ 12ರಂದು 15 ಮೀಟರಿಗೂ, ಅನಂತರ 3 ಮೀಟರಿಗೂ ಹತ್ತಿರವಾಗಿ, ಜೋಡಿಸದೆಯೇ ಉಪಗ್ರಹಗಳನ್ನು ಮತ್ತೆ ಸುರಕ್ಷಿತ ದೂರಕ್ಕೆ ಸರಿಸಿ, ಸಿಕ್ಕಿದ ಮಾಹಿತಿಯನ್ನು ವಿಶ್ಲೇಷಿಸಲಾಯಿತು. ಜನವರಿ 16ರಂದು ಜೋಡಣೆ ಯಶಸ್ವಿಯಾಯಿತು. ರಷ್ಯಾ, ಅಮೆರಿಕ ಮತ್ತು ಚೀನಾಗಳ ನಂತರ ಈ ಸಾಮರ್ಥ್ಯ ಪಡೆದ ನಾಲ್ಕನೆಯ ದೇಶ ಭಾರತವಾಯಿತು. ಮೂರು ಮೀಟರ್ ಹತ್ತಿರಕ್ಕೆ ಬಂದು ಹಿಂದೆ ಸರಿಯುವ ಸಂಯಮವನ್ನು ಆ ತಂಡಕ್ಕೆ ಕಲಿಸಿದ್ದು ನೆಲದ ಪರೀಕ್ಷೆಗಳ ಶಿಸ್ತು.

ಕೇಳದೆ ಉಳಿದ ಪ್ರಶ್ನೆ

ಸಿಮ್ಯುಲೇಷನ್ ಎಷ್ಟೇ ಸಮರ್ಥವಾದರೂ ಅದಕ್ಕೊಂದು ಮೂಲಭೂತ ಮಿತಿಯಿದೆ: ಅದನ್ನು ರೂಪಿಸಿದವರು ಕಲ್ಪಿಸಿಕೊಂಡ ಜಗತ್ತನ್ನು ಮಾತ್ರ ಅದು ನೌಕೆಗೆ ತೋರಿಸಬಲ್ಲದು. 1996ರ ಜೂನ್ 4ರಂದು ಐರೋಪ್ಯ ಅಂತರಿಕ್ಷ ಸಂಸ್ಥೆಯ ಹೊಸ ರಾಕೆಟ್ ಏರಿಯೇನ್-5 ತನ್ನ ಮೊದಲ ಹಾರಾಟದಲ್ಲೇ, ಮೇಲೆದ್ದ ಒಂದು ನಿಮಿಷದೊಳಗೆ ಸಿಡಿಯಿತು. ಹಿಂದಿನ ಏರಿಯೇನ್-4ರಲ್ಲಿ ಚೆನ್ನಾಗಿ ಕೆಲಸ ಮಾಡಿದ್ದ ದಿಕ್ಸೂಚಕ ತಂತ್ರಾಂಶವನ್ನೇ ಹೊಸ ರಾಕೆಟ್ಟಿಗೂ ಬಳಸಲಾಗಿತ್ತು. ಹೊಸ ರಾಕೆಟ್ಟಿನ ಹೆಚ್ಚಿನ ವೇಗದಿಂದ ಬಂದ ದೊಡ್ಡ ಸಂಖ್ಯೆಯೊಂದು ಅದಕ್ಕೆ ಮೀಸಲಿಟ್ಟ ಸ್ಥಳದಲ್ಲಿ ಹಿಡಿಸದೆ ದಿಕ್ಸೂಚಕ ಗಣಕಗಳು ಸ್ಥಗಿತಗೊಂಡವು. ತನಿಖಾ ಮಂಡಳಿಯು ಎತ್ತಿ ತೋರಿಸಿದ ಕೊರತೆ ನೇರವಾಗಿ ಈ ಲೇಖನದ ವಿಷಯಕ್ಕೇ ಸೇರಿದ್ದು: ಪೂರ್ಣ ಸುತ್ತಿನ ಪರೀಕ್ಷೆಗಳಲ್ಲಿ ನಿಜವಾದ ದಿಕ್ಸೂಚಕ ಸಾಧನವನ್ನು ಸೇರಿಸದೆ ಅದರ ಅನುಕರಣೆಯನ್ನು ಮಾತ್ರ ಬಳಸಲಾಗಿತ್ತು, ಆ ಸಾಧನವನ್ನು ಏರಿಯೇನ್-5ರ ನಿಜವಾದ ಹಾದಿಯ ಮಾಹಿತಿಯೊಂದಿಗೆ ಪರೀಕ್ಷಿಸಿರಲೂ ಇಲ್ಲ.

2023ರ ಏಪ್ರಿಲ್‌ನಲ್ಲಿ ಜಪಾನಿನ ಖಾಸಗಿ ಲ್ಯಾಂಡರ್ ಹಕುಟೊ-ಆರ್ ಚಂದ್ರನ ಒಂದು ಕುಳಿಯ ಅಂಚನ್ನು ದಾಟಿದಾಗ ಅದರ ಎತ್ತರಮಾಪಕ ಒಮ್ಮೆಲೇ ಸುಮಾರು 3 ಕಿಲೋಮೀಟರಿನ ಜಿಗಿತವನ್ನು ವರದಿ ಮಾಡಿತು. ವರದಿ ಸರಿಯಾಗಿಯೇ ಇತ್ತು. ಆದರೆ ಇಷ್ಟು ದೊಡ್ಡ ಜಿಗಿತ ಅಸಂಭವವೆಂದು ತಂತ್ರಾಂಶ ಭಾವಿಸಿ ಸಂವೇದಕವನ್ನೇ ಕೈಬಿಟ್ಟಿತು. ನೆಲ ಹತ್ತಿರದಲ್ಲಿದೆಯೆಂದು ಎಣಿಸಿ ಲ್ಯಾಂಡರ್ ಎತ್ತರದಲ್ಲೇ ತೇಲುತ್ತ ಇಂಧನ ಮುಗಿಸಿಕೊಂಡು ಕೆಳಗೆ ಬಿದ್ದಿತು. ಇಳಿಯುವ ಜಾಗವನ್ನು ವಿನ್ಯಾಸದ ಮುಖ್ಯ ಪರಿಶೀಲನೆಯ ನಂತರ ಬದಲಿಸಲಾಗಿತ್ತು. ಬದಲಾದ ದಾರಿಯ ನೆಲದ ಏರಿಳಿತ ಸಿಮ್ಯುಲೇಷನ್‌ಗಳಲ್ಲಿ ಸಾಕಷ್ಟು ಸೇರಿರಲಿಲ್ಲ.

ಇದಕ್ಕೆ ಎದುರಾದ ಉದಾಹರಣೆಯೂ ಉಂಟು. 1997ರ ಜುಲೈನಲ್ಲಿ ಮಂಗಳನ ಮೇಲೆ ಇಳಿದ ಅಮೆರಿಕದ ಪಾತ್‌ಫೈಂಡರ್ ನೌಕೆಯ ಗಣಕ ಕಾರಣ ತಿಳಿಯದೆ ಮತ್ತೆ ಮತ್ತೆ ತನ್ನನ್ನು ತಾನೇ ಮರುಪ್ರಾರಂಭಿಸಿಕೊಳ್ಳತೊಡಗಿತು. ಎಂಜಿನಿಯರುಗಳು ನೆಲದಲ್ಲಿ ಇಟ್ಟುಕೊಂಡಿದ್ದ ಅದರ ತದ್ರೂಪಿಯ ಮೇಲೆ ಅದೇ ಕೆಲಸಗಳನ್ನು ಅದೇ ಕ್ರಮದಲ್ಲಿ ಓಡಿಸುತ್ತ ಹೋಗಿ, ಕೊನೆಗೆ ಅದೇ ದೋಷವನ್ನು ಪ್ರಯೋಗಾಲಯದಲ್ಲೂ ಮರುಕಳಿಸುವಂತೆ ಮಾಡಿದರು: ಕಡಿಮೆ ಆದ್ಯತೆಯ ಕೆಲಸವೊಂದು ಹಂಚಿಕೆಯ ಸಂಪನ್ಮೂಲವನ್ನು ಹಿಡಿದಿಟ್ಟುಕೊಂಡು ಹೆಚ್ಚು ಆದ್ಯತೆಯ ಕೆಲಸ ಕಾಯುವಂತಾಗಿತ್ತು. ತಿದ್ದುಪಡಿಯನ್ನು ಮೊದಲು ತದ್ರೂಪಿಯ ಮೇಲೆ ಪರೀಕ್ಷಿಸಿ ಅನಂತರ ಮಂಗಳಕ್ಕೆ ರವಾನಿಸಲಾಯಿತು. ಉಡಾವಣೆಯಾದ ಮೇಲೂ ನೆಲದ ತದ್ರೂಪಿಯನ್ನು ಕೆಡವದೆ ಉಳಿಸಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ವಾದ ಬೇಕಿಲ್ಲ.

ಪರೀಕ್ಷೆಗೆ ಸಲ್ಲಬೇಕಾದ ಗೌರವ

ಒಳ್ಳೆಯ ಪರೀಕ್ಷೆಗೆ ದುಬಾರಿ ಸಲಕರಣೆಗಿಂತ ಸರಿಯಾದ ಪ್ರಶ್ನೆ ಹೆಚ್ಚು ಮುಖ್ಯ. 1981ರ ಆ್ಯಪಲ್ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ನಿಲ್ಲಿಸಿರುವ ಪ್ರಸಿದ್ಧ ಛಾಯಾಚಿತ್ರವನ್ನು ಹಲವರು ಬಡತನದ ಗುರುತೆಂದು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಆಂಟೆನಾ ಪರೀಕ್ಷೆಯ ಚಿತ್ರ. ಲೋಹದ ವಾಹನ ಪರೀಕ್ಷೆಯ ಫಲಿತಾಂಶವನ್ನು ಕೆಡಿಸಬಹುದಾಗಿದ್ದುದರಿಂದ ಮರದ ಗಾಡಿಯನ್ನು ಎಂಜಿನಿಯರುಗಳು ಉದ್ದೇಶಪೂರ್ವಕವಾಗಿ ಆರಿಸಿಕೊಂಡಿದ್ದರು. ಆ ವಿವೇಕ ಇಂದಿನ ಕಾಲೇಜುಗಳಿಗೂ ದಾರಿದೀಪವಾಗಬಹುದು. ಉಪಗ್ರಹವನ್ನೇ ಕಟ್ಟಿ ಹಾರಿಸುವ ಅವಕಾಶ ಎಲ್ಲ ವಿದ್ಯಾರ್ಥಿಗಳಿಗೂ ಸಿಗಲಾರದು. ಆದರೆ ಒಂದು ಅಗ್ಗದ ಮೈಕ್ರೋಕಂಟ್ರೋಲರ್, ಒಂದು ಕಾಂತಮಾಪಕ, ಕೈಯಲ್ಲೇ ಸುತ್ತಿದ ಕೆಲವು ಸುರುಳಿಗಳು ಮತ್ತು ಕಕ್ಷೆಯ ಗಣಿತವನ್ನು ಓಡಿಸುವ ಒಂದು ಕಂಪ್ಯೂಟರ್ ಇದ್ದರೆ ಪೂರ್ಣ ಸುತ್ತಿನ ಪರೀಕ್ಷೆಯೊಂದನ್ನು ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲಾದರೂ ಸಜ್ಜುಗೊಳಿಸಬಹುದು. ಅಂತರಿಕ್ಷ ಕ್ಷೇತ್ರ ಖಾಸಗಿಯವರಿಗೆ ತೆರೆದುಕೊಂಡು, ಬೆಂಗಳೂರಿನಲ್ಲಿ ಹೊಸ ಕಂಪನಿಗಳು ಹುಟ್ಟಿಕೊಳ್ಳುತ್ತಿರುವ ಈ ಹೊತ್ತಿನಲ್ಲಿ ನೌಕೆಯನ್ನು ಕಟ್ಟಬಲ್ಲವರಷ್ಟೇ ಸಂಖ್ಯೆಯಲ್ಲಿ ಅದನ್ನು ನಿಷ್ಠುರವಾಗಿ ಪರೀಕ್ಷಿಸಬಲ್ಲವರೂ ಬೇಕಾಗಿದ್ದಾರೆ. ಪರೀಕ್ಷಾ ಎಂಜಿನಿಯರನ ಕೆಲಸವನ್ನು ಎರಡನೆಯ ದರ್ಜೆಯದೆಂದು ಕಾಣುವ ರೂಢಿಯನ್ನು ಪಠ್ಯಕ್ರಮ ರೂಪಿಸುವವರು ಮತ್ತು ಉದ್ಯಮದವರು ಇಬ್ಬರೂ ಬಿಡಬೇಕು.

ಸಾರ್ವಜನಿಕರ ಪಾಲಿಗೂ ಒಂದು ಕರ್ತವ್ಯವಿದೆ. ಉಡಾವಣೆಯೋ ಜೋಡಣೆಯೋ ಮುಂದೂಡಲ್ಪಟ್ಟಿತೆಂಬ ಸುದ್ದಿ ಬಂದಾಗ ಅದನ್ನು ಹಿನ್ನಡೆಯೆಂದು ಬಗೆಯುವುದು, ತೆರಿಗೆಯ ಹಣ ಪೋಲಾಯಿತೆಂದು ದೂರುವುದು ಸರಿಯಲ್ಲ. ನೆಲದ ಮೇಲೆ ಕಂಡುಬಂದ ದೋಷಕ್ಕೆ ತಗಲುವ ಬೆಲೆ ಕೆಲವು ದಿನಗಳ ವಿಳಂಬ. ಅದೇ ದೋಷ ಕಕ್ಷೆಯಲ್ಲಿ ಕಂಡುಬಂದರೆ ಇಡೀ ನೌಕೆಯನ್ನೇ ತೆರಬೇಕಾಗಬಹುದು. ಮುಂದೂಡಿದ ತಂಡ ತನ್ನ ಕೆಲಸವನ್ನು ಸರಿಯಾಗಿ ಮಾಡಿದೆಯೆಂದು ತಿಳಿದು ಅದಕ್ಕೆ ಬೇಕಾದಷ್ಟು ಸಮಯ ಕೊಡುವುದೇ ಓದುಗರು ದೇಶದ ಅಂತರಿಕ್ಷ ಕಾರ್ಯಕ್ರಮಕ್ಕೆ ಸಲ್ಲಿಸಬಹುದಾದ ನಿಜವಾದ ಬೆಂಬಲ.